ಒಡವೆ ಮೇಲಿನ ಮೂರು ಗುರುತು: ಹಾಲ್‌ಮಾರ್ಕ್ ಯಾರನ್ನು ಕಾಯುತ್ತೆ, ಯಾರನ್ನು ಕೈಬಿಡುತ್ತೆ?

ದುಡಿದು ತಿನ್ನುವ ಮನೆಗಳಲ್ಲಿ ಒಡವೆ ಅಂದ್ರೆ ಬರೀ ಅಲಂಕಾರ ಅಲ್ಲ. ಕಾಲೇಜು ಫೀಸಿಗೆ, ಆಸ್ಪತ್ರೆ ಬಿಲ್ಲಿಗೆ, ಬೆಳೆ ಕೈಕೊಟ್ಟ ವರ್ಷಕ್ಕೆ ಮೊದಲು ಗಿರವಿ ಹೋಗುವುದು ಅದೇ. 22 ಕ್ಯಾರೆಟ್ ಅಂತ ಕೊಂಡ ಸರ 18 ಕ್ಯಾರೆಟ್ ಎಂದು ಗೊತ್ತಾಗುವುದೂ ಬಹಳ ಸಲ ಅಂಥ ಕಷ್ಟದ ದಿನವೇ. ಈ ಮೋಸ ತಡೆಯಲೆಂದೇ ಹಾಲ್‌ಮಾರ್ಕ್ ಇರುವುದು.

ಏನೇನು ಇರಬೇಕು?

ಚಿನ್ನಕ್ಕೆ ಹಾಲ್‌ಮಾರ್ಕ್ ಯೋಜನೆಯನ್ನು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಶುರು ಮಾಡಿದ್ದು 2000ದಲ್ಲಿ. ಎರಡು ದಶಕ ಅದು ಅಂಗಡಿಯವರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಆಮೇಲೆ ಹಂತಹಂತವಾಗಿ ಇನ್ನಷ್ಟು ಜಿಲ್ಲೆಗಳು ಸೇರಿದವು.

2023ರ ಏಪ್ರಿಲ್ 1ರಿಂದ ಈ ಜಿಲ್ಲೆಗಳಲ್ಲಿ ಮಾರುವ ಒಡವೆ ಮೇಲೆ ಮೂರು ಗುರುತು ಇರಲೇಬೇಕು:

- ತ್ರಿಕೋನಾಕಾರದ ಬಿಐಎಸ್ ಲಾಂಛನ.
- ಶುದ್ಧತೆ. 22ಕೆ916 ಅಂದ್ರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. 18ಕೆ750, 14ಕೆ585 ಎಂಬುದರ ಲೆಕ್ಕವೂ ಹೀಗೇ.
- ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. ಪ್ರತಿ ಒಡವೆಗೂ ಬೇರೆ ಬೇರೆ ಸಂಖ್ಯೆ, ಆಧಾರ್ ಇದ್ದ ಹಾಗೆ.

ಈ ಗುರುತನ್ನು ಹಾಕುವುದು ಅಂಗಡಿಯವರಲ್ಲ, ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರ. ಅಂಗಡಿಯವರೇ ‘916’ ಅಂತ ಒತ್ತಿದ್ದರೆ ಅದು ಹಾಲ್‌ಮಾರ್ಕ್ ಅಲ್ಲ. ‘ಕೆಡಿಎಂ’ ಕೂಡ ಶುದ್ಧತೆಯ ಗುರುತಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಬಳಸುತ್ತಿದ್ದುದರಿಂದ ಬಂದ ಹೆಸರು ಅದು. ಅದರ ಹೊಗೆ ಕುಡಿದು ಆರೋಗ್ಯ ಕೆಡಿಸಿಕೊಂಡವರು ಅಕ್ಕಸಾಲಿಗರು.

ಪರೀಕ್ಷಿಸುವುದು ಹೇಗೆ?

ಫೋನಿನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ಹಾಕಿಕೊಳ್ಳಿ. ದುಡ್ಡು ಕೊಡುವ ಮೊದಲೇ ಎಚ್‌ಯುಐಡಿ ಟೈಪ್ ಮಾಡಿ ನೋಡಿ. ಒಡವೆ ಯಾವ ಬಗೆಯದು, ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಗುರುತು ಬಿದ್ದಿದೆ ಎಂಬುದು ಬರುತ್ತೆ. ಕೈಯಲ್ಲಿರುವುದು ಸರ, ಆ್ಯಪ್ ತೋರಿಸುವುದು ಉಂಗುರ ಅಂದ್ರೆ ಅಲ್ಲೇ ನಿಲ್ಲಿಸಿ.

ಬಿಲ್ಲಿನಲ್ಲಿ ಒಡವೆಯ ವಿವರ, ಚಿನ್ನದ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬರೆಸಿಕೊಳ್ಳಿ. ಜಿಎಸ್‌ಟಿ ಬಿಟ್ಟರೆ ಶುಲ್ಕ ಒಂದು ಒಡವೆಗೆ 45 ರೂಪಾಯಿ, ತೂಕ ಎಷ್ಟೇ ಇರಲಿ. ‘ಹಾಲ್‌ಮಾರ್ಕ್ ಇದೆ, ಅದಕ್ಕೇ ರೇಟು ಜಾಸ್ತಿ’ ಅಂದ್ರೆ ನಂಬಬೇಡಿ.

ಆದರೆ ಹಾಲ್‌ಮಾರ್ಕ್ ಶುದ್ಧತೆಗೆ ಮಾತ್ರ ಖಾತ್ರಿ. ಮಜೂರಿ, ವೇಸ್ಟೇಜ್ ಎಷ್ಟಿರಬೇಕು ಅಂತ ಅದು ಹೇಳಲ್ಲ. ಹರಳಿನ ತೂಕಕ್ಕೂ ಚಿನ್ನದ ಬೆಲೆ ಹಾಕಿದ್ದಾರಾ ಎಂದು ನಾವೇ ನೋಡಬೇಕು.

ಶುದ್ಧತೆ ಕಡಿಮೆ ಬಂದರೆ?

2018ರ ಬಿಐಎಸ್ ನಿಯಮಗಳ ಪ್ರಕಾರ, ಹಾಲ್‌ಮಾರ್ಕ್ ಇರುವ ಒಡವೆಯಲ್ಲಿ ಕೊರತೆ ಕಂಡರೆ ಆ ವ್ಯತ್ಯಾಸದ ಎರಡು ಪಟ್ಟು ಹಣ ಮತ್ತು ಪರೀಕ್ಷೆಯ ಖರ್ಚು ಸಿಗಬೇಕು. 10 ಗ್ರಾಂ ಸರ 916 ಎಂದು ಮಾರಿ, 750 ಬಂತು ಅನ್ನಿ. ಕೊರತೆ 1.66 ಗ್ರಾಂ ಚಿನ್ನ; ಅದರ ಬೆಲೆಯ ದುಪ್ಪಟ್ಟು ನಿಮ್ಮ ಹಕ್ಕು. ಬಿಲ್ ಇಲ್ಲದಿದ್ದರೆ ಈ ಹಕ್ಕು ಸಾಬೀತು ಮಾಡುವುದು ಕಷ್ಟ. ದೂರನ್ನು ಬಿಐಎಸ್ ಕೇರ್‌ನಲ್ಲಿ ಅಥವಾ ಗ್ರಾಹಕ ಸಹಾಯವಾಣಿ 1915ರಲ್ಲಿ ಕೊಡಬಹುದು.

ಅಜ್ಜಿ ಕಾಲದ ಒಡವೆಗೆ ಗುರುತಿಲ್ಲದಿದ್ದರೆ ಗಾಬರಿ ಬೇಡ. ನಿಯಮ ಇರುವುದು ಮಾರುವ ವ್ಯಾಪಾರಿಗೆ. ಹಳೆಯದನ್ನು ನೀವು ಮಾರಬಹುದು, ಅಥವಾ ಮೊದಲು ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು.

ಕಾನೂನು ಎಲ್ಲಿ ನಿಂತಿದೆ?

2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಅಂಗಡಿಗೂ ವಿನಾಯಿತಿ ಇದೆ. ಮೂಗುತಿ, ಮಗುವಿನ ಓಲೆ, ತಾಳಿಯ ಗುಂಡು ಎಷ್ಟು ತೂಗುತ್ತವೆ ಯೋಚಿಸಿ. ಚೀಟಿ ಕಟ್ಟಿ, ಸಂಘದ ಸಾಲ ಎತ್ತಿ ಒಂದೊಂದೇ ಗ್ರಾಂ ಕೊಳ್ಳುವ ಹೆಂಗಸರು ಹೋಗುವುದು ಊರಿನ ಪುಟ್ಟ ಅಂಗಡಿಗೇ. ಒಂದು ಗ್ರಾಂ ಮೋಸವೂ ತಡೆಯಲಾಗದವರು ಕಾನೂನಿನ ಆಚೆ ಉಳಿದಿದ್ದಾರೆ.

ಹಾಗಂತ ಸಣ್ಣ ಅಕ್ಕಸಾಲಿಗನ ಮೇಲೆ ದಂಡ ಹೇರುವುದು ಪರಿಹಾರವಲ್ಲ. ಪರೀಕ್ಷೆಗೆಂದು ಅವನು ದೂರದ ನಗರಕ್ಕೆ ಅಲೆಯಬೇಕಾದರೆ ಕಸುಬೇ ನಿಲ್ಲುತ್ತೆ. ತಾಲ್ಲೂಕಿಗೊಂದು ಪರೀಕ್ಷಾ ಕೇಂದ್ರ ತಂದು, ಆಮೇಲೆ ವಿನಾಯಿತಿ ಕಡಿಮೆ ಮಾಡಲಿ. ಅಲ್ಲಿಯವರೆಗೆ ಮನೆಯ ಹಿರಿಯರು ಒಡವೆ ಅಂಗಡಿಗೆ ಹೊರಟಾಗ ಆ್ಯಪ್ ಇರುವ ಫೋನ್ ಹಿಡಿದು ನೀವೂ ಜೊತೆಗೆ ಹೋಗಿ.