ಯಂತ್ರಪ್ರಿಯರ ಒಂದು ಕೂಟವೂ ಒಂದು ಕಾಗದವೂ

ಹೊಸ ಯಂತ್ರವೊಂದು ಮನೆಗೆ ಬಂದರೆ ಅದರ ಬೆಲೆಯನ್ನೂ ಬಾಳಿಕೆಯನ್ನೂ, ಮಾಡಿದವನ ಜಾಣ್ಮೆಯನ್ನೂ ಮಾರಿದವನ ಲೋಭವನ್ನೂ ಕುರಿತು ನಾಲ್ಕು ಮಾತನ್ನಾಡದವರು ವಿರಳ. ಆ ಮಾತು ಗಳಿಗೆ ಕಳೆಯುವುದರೊಳಗೆ ಸರ್ಕಾರ, ಬಂಡವಾಳ, ನ್ಯಾಯಾನ್ಯಾಯಗಳ ಕಡೆಗೆ ಹೊರಳುವುದೂ ಸರ್ವರಿಗೂ ಅನುಭವಸಿದ್ಧವಾದ ಸಂಗತಿಯೇ. ಇದೆಲ್ಲವೂ ಬಿಡುವಿನ ಹರಟೆಯೆಂದು ಕಡೆಗಣಿಸುವ ಗಂಭೀರಜನರುಂಟು. ಆದರೆ ಇಂಥ ಹರಟೆಯ ನಡುವೆಯೇ ಒಂದು ಮಹೋದ್ಯಮವೂ, ಆ ಉದ್ಯಮವನ್ನು ಇಂದಿಗೂ ಬಿಡದೆ ಕಾಡುತ್ತಿರುವ ಒಂದು ವಿವಾದವೂ ಜೊತೆಜೊತೆಯಾಗಿ ಹುಟ್ಟಿದುದನ್ನು ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದ ಇತಿಹಾಸದಲ್ಲಿ ಕಾಣಬಹುದು. 1975 ಮತ್ತು 1976ನೆಯ ಇಸವಿಗಳ ಈ ವೃತ್ತಾಂತವು ಕಂಪ್ಯೂಟರನ್ನು ದಿನವೂ ಮುಟ್ಟುವ ಮನೆಗಳಲ್ಲಿಯೂ ಅಷ್ಟಾಗಿ ತಿಳಿದಂತಿಲ್ಲ.

ಅದಕ್ಕೆ ಹತ್ತು ವರ್ಷಗಳ ಹಿಂದೆ ಗಣಕಯಂತ್ರವೆಂದರೆ ಒಂದು ಕೊಠಡಿಯನ್ನೇ ತುಂಬುವ ವಸ್ತು. ಅದರ ಒಡೆತನವು ಸರ್ಕಾರಕ್ಕೆ, ಸೈನ್ಯಕ್ಕೆ, ಬ್ಯಾಂಕುಗಳಿಗೆ, ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಮೀಸಲು. ಸಾಮಾನ್ಯನಿಗೆ ಅದರ ಪರಿಚಯವಿದ್ದುದು ತೂತು ಹೊಡೆದ ರಟ್ಟಿನ ಚೀಟಿಗಳ ಮೂಲಕ ಮಾತ್ರ. 1964ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ವಾಕ್‌ಸ್ವಾತಂತ್ರ್ಯಕ್ಕಾಗಿ ಚಳವಳಿ ಹೂಡಿದಾಗ ಆ ಚೀಟಿಗಳನ್ನೇ ತಮ್ಮ ದಾಸ್ಯದ ಚಿಹ್ನೆಯಾಗಿ ಹಿಡಿದು ಹಾಸ್ಯಮಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಸ್ಪ್ರೌಲ್ ಹಾಲ್ ಎಂಬ ಆಡಳಿತಭವನದಲ್ಲಿ ಕುಳಿತ ಸುಮಾರು 800 ಜನರನ್ನು ಪೋಲೀಸರು ಹಿಡಿದೊಯ್ದರು. ಹಿಡಿಯಲ್ಪಟ್ಟವರಲ್ಲಿ ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನಿದ್ದನು. ಗೆಳೆಯರೆಲ್ಲರೂ ಯಂತ್ರವನ್ನು ಶಪಿಸುತ್ತಿದ್ದಾಗ, ಶಪಿಸಿ ಫಲವೇನು, ಅದನ್ನು ಒಡೆಯರ ಕೈಯಿಂದ ಬಿಡಿಸಿ ಬೀದಿಗೆ ತರಬೇಕೆಂದು ಯೋಚಿಸಿದವರ ಪೈಕಿ ಆತನೊಬ್ಬನು.

ಆ ಯೋಚನೆ ಬರಿಯ ಮಾತಾಗಿ ಉಳಿಯಲಿಲ್ಲ. 1973ರ ಆಗಸ್ಟಿನಲ್ಲಿ ಆತನೂ ಸಂಗಡಿಗರೂ ಸೇರಿ ಬರ್ಕ್ಲಿಯ ಲಿಯೋಪೋಲ್ಡ್ ಎಂಬ ಗಾನಮುದ್ರಿಕೆಗಳ ಅಂಗಡಿಯ ಬಾಗಿಲಲ್ಲಿ ಒಂದು ಟೆಲಿಟೈಪ್ ಯಂತ್ರವನ್ನಿಟ್ಟು, ಅದನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ದೊಡ್ಡ ಕಂಪ್ಯೂಟರಿಗೆ ದೂರವಾಣಿಯ ತಂತಿಯಿಂದ ಜೋಡಿಸಿದರು. ಇದಕ್ಕೆ ‘ಕಮ್ಯೂನಿಟಿ ಮೆಮೊರಿ’, ಎಂದರೆ ಸಮುದಾಯದ ಸ್ಮೃತಿ, ಎಂದು ಹೆಸರು. ಯಾರು ಬೇಕಾದರೂ ಬಂದು ಬೆರಳಚ್ಚಿನಿಂದ ತಮ್ಮ ಮಾತನ್ನು ಅದರಲ್ಲಿ ಸೇರಿಸಬಹುದು, ಇತರರ ಮಾತನ್ನು ಹುಡುಕಿ ಓದಬಹುದು. ಮನೆ ಹುಡುಕುವವರು, ವಾದ್ಯಗಾರರು, ಕವಿಗಳು, ತಲೆಹರಟೆಗಳು ಎಲ್ಲರೂ ಬಂದರು. ಒಳ್ಳೆಯ ಬೇಗಲ್ ಎಂಬ ರೊಟ್ಟಿ ಎಲ್ಲಿ ದೊರೆಯುವುದೆಂದು ಒಬ್ಬರು ಕೇಳಿದರೆ, ಅದನ್ನು ಮಾಡುವುದನ್ನೇ ಕಲಿಸಿಕೊಡುವೆನೆಂದು ಹಿಂದೆ ಆ ಕಸಬಿನಲ್ಲಿದ್ದವರೊಬ್ಬರು ಉತ್ತರ ಬರೆದರಂತೆ. ಇಂದು ಲೋಕವೆಲ್ಲ ಮಾಡುತ್ತಿರುವ ಕೆಲಸದ ಬೀಜರೂಪವು ಇಷ್ಟು ಮಾತ್ರ.

ಕಥೆಯ ಎರಡನೆಯ ವ್ಯಕ್ತಿ ಫ್ರೆಡ್ ಮೂರ್. ಆತನಿಗೆ ಯಂತ್ರದ ಹುಚ್ಚಿಗಿಂತ ಶಾಂತಿಯ ಹುಚ್ಚು ಹೆಚ್ಚು. ವಾಯುಸೇನೆಯ ಕರ್ನಲನೊಬ್ಬನ ಮಗನಾಗಿದ್ದೂ ಆತನು 1959ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣವನ್ನು ಕಡ್ಡಾಯಮಾಡಿದ್ದುದನ್ನು ವಿರೋಧಿಸಿ ಅದೇ ಸ್ಪ್ರೌಲ್ ಹಾಲಿನ ಮೆಟ್ಟಿಲ ಮೇಲೆ ಒಬ್ಬನೇ ಉಪವಾಸ ಕುಳಿತನು. ಮುಂದೆ ಸೈನ್ಯಸೇವೆಯನ್ನು ನಿರಾಕರಿಸಿ ಸೆರೆಮನೆಯನ್ನೂ ಕಂಡನು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಒಂದು ವಿಚಿತ್ರ ಸಮಾರಂಭದಲ್ಲಿ ಸ್ಟುವರ್ಟ್ ಬ್ರಾಂಡ್ ಎಂಬ ಪ್ರಕಾಶಕನು 20,000 ಡಾಲರುಗಳನ್ನು ನೆರೆದವರ ಕೈಗಿತ್ತು, ಇದನ್ನು ಏನು ಮಾಡಬೇಕೋ ನೀವೇ ಹೇಳಿರೆಂದನು. ರಾತ್ರಿಯೆಲ್ಲ ವಾದ ನಡೆದು, ಕೆಲವಂಶ ಕೈತಪ್ಪಿಹೋಗಿ, ಬೆಳಗಿನ ಜಾವಕ್ಕೆ ಉಳಿದ ಸುಮಾರು 15,000 ಡಾಲರುಗಳು ಬಂದು ಸೇರಿದ್ದು, ಹಣವೇ ಬೇಡವೆಂದು ವಾದಿಸುತ್ತಿದ್ದ ಈ ಫ್ರೆಡ್ ಮೂರನ ಮಡಿಲಿಗೆ! ವಿಧಿಗೂ ವಿನೋದಬುದ್ಧಿಯುಂಟೆಂದು ತೋರುತ್ತದೆ.

ಹೀಗಿರಲಾಗಿ 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರದ ಚಿತ್ರ ಬಂದಿತು. ನ್ಯೂ ಮೆಕ್ಸಿಕೋ ಪ್ರಾಂತದ ಆಲ್ಬುಕರ್ಕಿ ಪಟ್ಟಣದ ಮಿಟ್ಸ್ ಎಂಬ ಸಣ್ಣ ಸಂಸ್ಥೆ, ಸಾಲದಲ್ಲಿ ಮುಳುಗಿದ್ದುದು, ಅದನ್ನು ಬಿಡಿಭಾಗಗಳ ಕಟ್ಟಾಗಿ 397 ಡಾಲರಿಗೆ ಮಾರುವೆನೆಂದು ಸಾರಿತು. ಅದರ ಹೃದಯವಾದ ಇಂಟೆಲ್ 8080 ಎಂಬ ಬಿಲ್ಲೆಯೊಂದನ್ನೇ ಬಿಡಿಯಾಗಿ ಕೊಂಡರೆ ಆಗ ಸುಮಾರು 360 ಡಾಲರ್ ಆಗುತ್ತಿದ್ದಿತು. ಆದರೆ ಈ ಅಗ್ಗದ ಯಂತ್ರಕ್ಕೆ ಕೀಲಿಮಣೆಯೂ ಇಲ್ಲ, ತೆರೆಯೂ ಇಲ್ಲ. ಸ್ಮೃತಿಯೋ ಕೇವಲ 256 ಅಕ್ಷರಗಳಷ್ಟು. ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲಕ್ಕೂ ಕೆಳಕ್ಕೂ ತಳ್ಳಿ ಆಜ್ಞೆ ಕೊಡಬೇಕು. ಉತ್ತರವನ್ನು ಸಣ್ಣ ದೀಪಗಳ ಮಿಣುಕಿನಲ್ಲಿ ಓದಿಕೊಳ್ಳಬೇಕು. ಇಂಥದನ್ನು ಕೊಂಡು ಮಾಡುವುದೇನೆಂದು ವ್ಯವಹಾರಜ್ಞರು ಕೇಳಿದರೆ ಉತ್ತರವಿರಲಿಲ್ಲ. ಆದರೂ ಕೆಲವು ನೂರು ಮಾರಾಟವಾದೀತೆಂದು ಎಣಿಸಿದ್ದ ಮಿಟ್ಸ್‌ಗೆ ಸಾವಿರಾರು ಬೇಡಿಕೆಗಳು ಬಂದವು. ಒಂದು ಯಂತ್ರವು ತನ್ನದಾಗುವುದು, ತನ್ನ ಮನೆಯ ಮೇಜಿನ ಮೇಲಿರುವುದು, ಇಷ್ಟೇ ಆ ಜನಕ್ಕೆ ಸಾಕಾಗಿತ್ತು.

ಫ್ರೆಡ್ ಮೂರನು ಗಾರ್ಡನ್ ಫ್ರೆಂಚ್ ಎಂಬ ಎಂಜಿನಿಯರನೊಡನೆ ಕೂಡಿ, ಸ್ವಂತ ಕಂಪ್ಯೂಟರನ್ನು ಕಟ್ಟುತ್ತಿರುವವರು ಯಾರಾದರೂ ಇದ್ದರೆ ಬಂದು ಕೂಡಿಕೊಳ್ಳಿರೆಂದು ಚೀಟಿಗಳನ್ನು ಅಂಟಿಸಿದನು. ಮಾರ್ಚ್ 5, 1975ರ ಮಳೆಯ ರಾತ್ರಿ ಮೆನ್ಲೋ ಪಾರ್ಕ್ ಎಂಬಲ್ಲಿ ಫ್ರೆಂಚನ ಮೋಟಾರುಖಾನೆಯೊಳಗೆ ಮೂವತ್ತೆರಡು ಜನ ಸೇರಿದರು. ‘ಹೋಂಬ್ರೂ ಕಂಪ್ಯೂಟರ್ ಕ್ಲಬ್’ ಎಂಬ ಹೆಸರು ಅದಕ್ಕೆ ನಿಂತಿತು. ಮನೆಯಲ್ಲಿಯೇ ಭಟ್ಟಿಯಿಳಿಸಿದುದೆಂಬ ಅರ್ಥದ ಈ ಹೆಸರು ಶಿಷ್ಟರಿಗೆ ಒಪ್ಪಲಾರದು. ಆದರೆ ಅವರ ಮನೋಧರ್ಮಕ್ಕೆ ತಕ್ಕುದೇ. ಸಂಖ್ಯೆ ಬೆಳೆದಂತೆ ಕೂಟವು ಸ್ಟ್ಯಾನ್‌ಫರ್ಡಿನ ಕಣವೇಗವರ್ಧಕ ಸಂಶೋಧನಾಲಯದ ಸಭಾಂಗಣಕ್ಕೆ ಸಾಗಿತು. ಫೆಲ್ಸೆನ್‌ಸ್ಟೈನನು ಅಧ್ಯಕ್ಷಸ್ಥಾನದಲ್ಲಿ ನಿಂತು ನಡೆಸತೊಡಗಿದನು. ಮೊದಲು ಒಬ್ಬೊಬ್ಬರೂ ಎದ್ದು ತಮಗೆ ತಿಳಿದುದನ್ನೂ ತಿಳಿಯಬೇಕಾದುದನ್ನೂ ಹೇಳುವುದು; ಬಳಿಕ ಬೇಕಾದವರು ಬೇಕಾದವರನ್ನು ಹುಡುಕಿಕೊಂಡು ಗುಂಪುಗುಂಪಾಗಿ ಮಾತಾಡುವುದು. ಯಾವ ಸಂಸ್ಥೆಯ ಸರಕು ಚೆನ್ನು, ಯಾರು ಮುಂಗಡ ಹಣ ಪಡೆದು ಸರಕು ಕಳುಹಿಸಲಿಲ್ಲ ಎಂಬ ಗ್ರಾಹಕರ ದೂರುಗಳೂ, ಯಂತ್ರವು ಜನತೆಯ ಕೈಗೆ ಬಂದರೆ ರಾಜ್ಯದ ಬಲವೇನಾದೀತೆಂಬ ತರ್ಕವೂ ಅಲ್ಲಿ ಒಂದೇ ಉಸಿರಿನಲ್ಲಿ ನಡೆಯುತ್ತಿದ್ದವು. ಸದಸ್ಯರೆಲ್ಲರೂ ರಾಜಕೀಯಪ್ರಿಯರೆಂದು ತಿಳಿಯಬಾರದು. ಬೆಸುಗೆಯ ಕಡ್ಡಿಯ ಹೊರತು ಮತ್ತೊಂದನ್ನು ಬಯಸದವರೂ ಬಹಳ ಮಂದಿ. ಆದರೆ ತಿಳಿದುದನ್ನು ಮುಚ್ಚಿಡಬಾರದೆಂಬ ನಿಯಮವನ್ನು ಎಲ್ಲರೂ ಬರೆಯದ ಶಾಸನದಂತೆ ಒಪ್ಪಿದ್ದರು.

ವಿವಾದ ಹುಟ್ಟಿದ್ದು ಇಲ್ಲಿಯೇ. ಆಲ್ಟೇರ್ ಯಂತ್ರಕ್ಕೆ ಸ್ವಿಚ್ಚಿನ ಭಾಷೆಯ ಬದಲು ಮನುಷ್ಯನಿಗೆ ಸುಲಭವಾದ ಬೇಸಿಕ್ ಎಂಬ ಭಾಷೆಯನ್ನು ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬಿಬ್ಬರು ತರುಣರು ಅಳವಡಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ದೊಡ್ಡ ಕಂಪ್ಯೂಟರಿನಲ್ಲಿ ಆಲ್ಟೇರಿನ ಅನುಕರಣವನ್ನು ಕಟ್ಟಿ, ಕಣ್ಣಿನಿಂದ ಕಾಣದ ಯಂತ್ರಕ್ಕೆ ಭಾಷೆ ಬರೆದ ಆ ಸಾಹಸವು ಸಾಮಾನ್ಯವಲ್ಲ. ಮಿಟ್ಸ್ ಸಂಸ್ಥೆ ಅದನ್ನು ಮಾರಲು ಮುಂದಾಯಿತು. ಆದರೆ ಅದರ ಬೆಲೆಯ ಕಟ್ಟಳೆಯಲ್ಲಿ ಒಂದು ಸೂಕ್ಷ್ಮವಿದ್ದಿತು: ಸಂಸ್ಥೆಯ ಸ್ಮೃತಿಫಲಕಗಳ ಸಂಗಡ ಕೊಂಡರೆ ಬೇಸಿಕ್ಕಿಗೆ 75 ಡಾಲರ್, ಬೇರೆಯಾಗಿ ಕೊಂಡರೆ 500 ಡಾಲರ್. ಆ ಫಲಕಗಳೋ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಕೂಟದಲ್ಲೆಲ್ಲ ಅಪಖ್ಯಾತಿ. ಇದರ ಮೇಲೆ, ಹಣ ಕಟ್ಟಿದವರಿಗೂ ಬೇಸಿಕ್ ತಿಂಗಳುಗಟ್ಟಲೆ ಬಾರದೆ ಹೋಯಿತು.

1975ರ ಜೂನಿನಲ್ಲಿ ಮಿಟ್ಸ್‌ನವರು ಪಾಲೋ ಆಲ್ಟೋದ ಹೋಟೆಲೊಂದರಲ್ಲಿ ತಮ್ಮ ಯಂತ್ರವನ್ನು ಪ್ರದರ್ಶಿಸಿದಾಗ, ಬೇಸಿಕ್ ಇದ್ದ ತೂತುಕಾಗದದ ಸುರುಳಿಯೊಂದು ಯಾರದೋ ಕೈಸೇರಿತು. ಕೂಟದ ಸದಸ್ಯನೊಬ್ಬನು ಅದರ ಹಲವು ಪ್ರತಿಗಳನ್ನು ತೆಗೆದು ಮುಂದಿನ ಸಭೆಯಲ್ಲಿ ಹಂಚಿದನು. ಒಂದೇ ನಿಬಂಧನೆ: ಒಂದನ್ನು ಕೊಂಡುಹೋದವನು ಎರಡು ಪ್ರತಿಗಳನ್ನು ಮಾಡಿ ತಂದೊಪ್ಪಿಸಬೇಕು.

ಫೆಬ್ರವರಿ 3, 1976ರ ತಾರೀಖಿನಿಂದ ಗೇಟ್ಸನು ಹವ್ಯಾಸಿಗಳಿಗೆಲ್ಲ ಬಹಿರಂಗವಾದೊಂದು ಕಾಗದವನ್ನು ಬರೆದನು. ಆಗ ಆತನಿಗೆ ಇಪ್ಪತ್ತು ವರ್ಷ. ತಾವು ಬಳಸಿದ ಕಂಪ್ಯೂಟರ್ ಕಾಲದ ಬೆಲೆಯೇ 40,000 ಡಾಲರನ್ನು ಮೀರುವುದೆಂದೂ, ಆಲ್ಟೇರ್ ಉಳ್ಳವರಲ್ಲಿ ಬೇಸಿಕ್ ಕೊಂಡವರು ನೂರಕ್ಕೆ ಹತ್ತಕ್ಕಿಂತ ಕಡಿಮೆಯೆಂದೂ, ಬಂದ ಗೌರವಧನವನ್ನು ಲೆಕ್ಕಹಾಕಿದರೆ ತಮ್ಮ ದುಡಿಮೆಗೆ ಗಂಟೆಗೆ ಎರಡು ಡಾಲರೂ ಬೀಳಲಿಲ್ಲವೆಂದೂ ಆತನ ಅಳಲು. ಯಂತ್ರಕ್ಕೆ ಹಣ ತೆರುವವರು ಅದರೊಳಗಿನ ವಿದ್ಯೆಗೆ ಮಾತ್ರ ತೆರದಿರುವುದು ಕಳ್ಳತನವೆಂದೂ, ಕೂಲಿಯಿಲ್ಲದೆ ಇಂಥ ಕೆಲಸವನ್ನು ಯಾರು ತಾನೇ ಮಾಡಿಯಾರೆಂದೂ ಆತನು ಮುಚ್ಚುಮರೆಯಿಲ್ಲದೆ ಕೇಳಿದನು. ಫ್ರೆಡ್ ಮೂರನು ತಿಳಿವನ್ನು ಹಂಚುವುದಕ್ಕೆಂದು ಆರಂಭಿಸಿದ್ದ ಕೂಟದ ವಾರ್ತಾಪತ್ರದಲ್ಲಿಯೇ ಈ ಕಾಗದವೂ ಅಚ್ಚಾಯಿತು.

ವಾಚಕರು ಇಲ್ಲಿ ಆತುರದಿಂದ ತೀರ್ಪು ಕೊಡಲಾಗದು. ಕೂಟದವರ ಪಕ್ಷವು ನಮ್ಮ ಹಳೆಯ ಸಂಸ್ಕಾರಕ್ಕೆ ಸಹಜವಾಗಿಯೇ ಹಿಡಿಸುತ್ತದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ದಾನಮಾಡಿದಳೆಂದು ಕೊಂಡಾಡುವ ನಾಡಿನಲ್ಲಿ ಪ್ರತಿಮಾಡುವುದನ್ನು ಕಳ್ಳತನವೆನ್ನಲು ನಾಲಗೆ ಬಾರದು. ಆದರೆ ಅತ್ತಿಮಬ್ಬೆಯು ಲಿಪಿಕಾರರಿಗೆ ಬರಿಗೈ ತೋರಿಸಲಿಲ್ಲ. ಆ ದಾನದ ಹಿಂದೆ ಒಡೆತನವುಳ್ಳ ಕೈಯೊಂದು ವ್ಯಯಮಾಡಿತ್ತು. ಕೂಟದವರು ದಾನಮಾಡಿದ್ದು ಪರರ ದುಡಿಮೆಯನ್ನು. ಇನ್ನು ಗೇಟ್ಸನ ಪಕ್ಷವೂ ನಿರ್ದೋಷವಾದುದಲ್ಲ. ಆತನು ಬೆಲೆಕಟ್ಟಿ ತೋರಿಸಿದ ಆ ಕಂಪ್ಯೂಟರ್ ಕಾಲವು ಹಾರ್ವರ್ಡಿನ ಯಂತ್ರದ್ದು. ಆ ಯಂತ್ರಕ್ಕೆ ವೆಚ್ಚಮಾಡಿದ್ದು ಅಮೇರಿಕಾದ ರಕ್ಷಣಾ ಇಲಾಖೆ, ಎಂದರೆ ಪ್ರಜೆಗಳ ಬೊಕ್ಕಸ. ಬೇಸಿಕ್ ಭಾಷೆಯನ್ನಾದರೂ ಆತನು ಸೃಷ್ಟಿಸಿದ್ದಲ್ಲ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ರಚಿಸಿ ಲೋಕಕ್ಕೆ ಬಿಟ್ಟದ್ದು. ಸಾರ್ವಜನಿಕವಾದ ಕೆರೆಯಿಂದ ಕಾಲುವೆ ತೆಗೆದವನು ಕಾಲುವೆಯ ಕೂಲಿಯನ್ನು ಕೇಳುವುದು ನ್ಯಾಯವೇ. ಕೆರೆಯ ಮಾತನ್ನೇ ಎತ್ತದಿರುವುದು ನ್ಯಾಯವಲ್ಲ. ಅಂದಿನ ಕಾನೂನೂ ಈ ವಿಷಯದಲ್ಲಿ ಅಸ್ಪಷ್ಟವಾಗಿದ್ದಿತು. ಕಂಪ್ಯೂಟರಿನ ಕ್ರಮವಿಧಿಗೆ ಗ್ರಂಥಕ್ಕಿರುವಂತೆ ಹಕ್ಕುಂಟೆಂದು ಅಮೇರಿಕಾದ ಶಾಸನದಲ್ಲಿ ಸ್ಪಷ್ಟವಾದದ್ದು 1980ರಲ್ಲಿ.

ಕೂಟದ ಸುತ್ತಿನವರು ಕಾಗದಕ್ಕೆ ಕೊಟ್ಟ ಉತ್ತರಗಳಲ್ಲಿ ಬೈಗುಳಗಳನ್ನು ಬಿಟ್ಟರೆ ಉಳಿಯುವುದು ಕೃತಿರೂಪವಾದ ಉತ್ತರ. ಅದೇ ಮೆನ್ಲೋ ಪಾರ್ಕಿನ ‘ಪೀಪಲ್ಸ್ ಕಂಪ್ಯೂಟರ್ ಕಂಪನಿ’ಯ ಬಾಬ್ ಆಲ್‌ಬ್ರೆಕ್ಟ್ ಮತ್ತು ಡೆನಿಸ್ ಆಲಿಸನ್ ಎಂಬವರು ಮಕ್ಕಳಿಗೂ ನಿಲುಕುವ ‘ಟೈನಿ ಬೇಸಿಕ್’ ಎಂಬ ಕಿರುಭಾಷೆಯ ವಿನ್ಯಾಸವನ್ನು ಕಾಗದ ಬರುವ ಮೊದಲೇ ಪ್ರಕಟಿಸಿ, ಬೇಕಾದವರು ಕಟ್ಟಿಕೊಳ್ಳಿರೆಂದಿದ್ದರು. ಅದನ್ನು ಬೆಳೆಸುವುದಕ್ಕೆಂದೇ 1976ರ ಜನವರಿಯಲ್ಲಿ ಹುಟ್ಟಿದ ಪತ್ರಿಕೆಯ ಸಂಪಾದಕ ಜಿಮ್ ವಾರೆನ್ ಹೇಳಿದ ಮಾತಿನ ಸಾರಾಂಶವಿಷ್ಟು: ಪ್ರತಿಮಾಡುವ ಶ್ರಮಕ್ಕಿಂತ ಕೊಳ್ಳುವ ಶ್ರಮ ಕಡಿಮೆಯಾಗುವಷ್ಟು ಬೆಲೆಯಿಳಿದರೆ ಕದಿಯುವವರೇ ಇರುವುದಿಲ್ಲ. ಟಾಮ್ ಪಿಟ್‌ಮನ್ ಎಂಬ ಸದಸ್ಯನು ಇದನ್ನು ಪರೀಕ್ಷಿಸುವಂತೆ ತನ್ನ ಟೈನಿ ಬೇಸಿಕ್ಕನ್ನು ಐದು ಡಾಲರಿಗೆ ಮಾರಿದನು. ಜನ ಹಣ ಕಳುಹಿಸಿಯೇ ಕೊಂಡರು. ಲೀ-ಚೆನ್ ವಾಂಗ್ ಎಂಬಾತನಂತೂ ತನ್ನ ಕೃತಿಯ ತಲೆಯಲ್ಲಿ, ಕಾಪಿರೈಟ್ ಎಂದಿರಬೇಕಾದ ಕಡೆ ‘ಕಾಪಿಲೆಫ್ಟ್’ ಎಂದೂ, ಸರ್ವ ಹಕ್ಕುಗಳೂ ಕಾದಿರಿಸಲ್ಪಟ್ಟಿವೆ ಎಂಬ ಕಡೆ ಸರ್ವ ತಪ್ಪುಗಳೂ ಕಾದಿರಿಸಲ್ಪಟ್ಟಿವೆ ಎಂದೂ ಬರೆದನು. ಆ ಭಾಷೆಯಲ್ಲಿ ‘ರೈಟ್’ ಎಂದರೆ ಹಕ್ಕು, ಬಲಗಡೆ, ಸರಿ ಎಂಬ ಮೂರರ್ಥಗಳಿರುವುದರಿಂದ ಇದು ನಮ್ಮ ಆಲಂಕಾರಿಕರೂ ತಲೆದೂಗುವ ಶ್ಲೇಷ. ವಿನೋದಕ್ಕೆ ಬಂದ ಈ ‘ಕಾಪಿಲೆಫ್ಟ್’ ಪದವನ್ನೇ ಮುಂದೆ ರಿಚರ್ಡ್ ಸ್ಟಾಲ್‌ಮನ್ನನು 1980ರ ದಶಕದಲ್ಲಿ ಕಟ್ಟಿದ ಮುಕ್ತ ಸಾಫ್ಟ್‌ವೇರಿನ ಚಳವಳಿಯು ಗಂಭೀರಾರ್ಥದಲ್ಲಿ ಬಳಸಿತು.

ಕೂಟದ ಮಾತಿನಿಂದ ಹಣ ಹುಟ್ಟಿದ ಬಗೆಯೂ ಕುತೂಹಲಕರವೇ. ಮೊದಲ ಸಭೆಗೆ ಬಂದಿದ್ದ ಸ್ಟೀವ್ ವೋಜ್ನಿಯಾಕ್ ಎಂಬ ಸಂಕೋಚಶೀಲನು ತಾನೊಂದು ಕಂಪ್ಯೂಟರನ್ನು ರಚಿಸಿ ಅದರ ನಕ್ಷೆಯನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಿದ್ದನು. ಕೊಡುವುದೇಕೆ, ಮಾರೋಣವೆಂದವನು ಗೆಳೆಯ ಸ್ಟೀವ್ ಜಾಬ್ಸ್. 1976ರಲ್ಲಿ ಅದು ಆಪಲ್ ಎಂಬ ಹೆಸರಿನಿಂದ 666 ಡಾಲರ್ 66 ಸೆಂಟಿಗೆ ಮಾರಾಟಕ್ಕೆ ಬಂದಿತು. ಸಾಫ್ಟ್‌ವೇರನ್ನು ಉಚಿತವಾಗಿಯೋ ಅಲ್ಪಬೆಲೆಗೋ ಒದಗಿಸುವುದೇ ತಮ್ಮ ತತ್ತ್ವವೆಂದು ಆ ವರ್ಷದ ಅವರ ಜಾಹೀರಾತಿನಲ್ಲಿಯೇ ಅಚ್ಚಾಗಿತ್ತೆಂದರೆ ಇಂದಿನ ಗ್ರಾಹಕರು ನಂಬಲಾರರು. ಫೆಲ್ಸೆನ್‌ಸ್ಟೈನನು ತಾನು ಮೆಚ್ಚಿದ ಈವಾನ್ ಇಲಿಚ್ ಎಂಬ ಚಿಂತಕನು 1973ರಲ್ಲಿ ಪ್ರತಿಪಾದಿಸಿದಂತೆ, ಬಳಸುವವನೇ ಅರಿತು ದುರಸ್ತು ಮಾಡಿಕೊಳ್ಳಬಲ್ಲ ಉಪಕರಣವೇ ಉತ್ತಮವೆಂಬ ಹಟವನ್ನು ಬಿಡದೆ, 1981ರಲ್ಲಿ ಕೈಯಲ್ಲಿ ಹೊತ್ತೊಯ್ಯಬಹುದಾದ ಆಸ್ಬಾರ್ನ್ ಯಂತ್ರವನ್ನು ರಚಿಸಿಕೊಟ್ಟನು. ಸುಮಾರು ಹನ್ನೊಂದು ಕಿಲೋಗ್ರಾಂ ತೂಕವನ್ನು ಹೊರಬಲ್ಲವರಿಗೆ ಮಾತ್ರ ಆ ಸೌಕರ್ಯ! ಎರಡು ವರ್ಷಗಳಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಕೂಟವೂ 1986ರ ಡಿಸೆಂಬರಿನಲ್ಲಿ ತನ್ನ ಕೊನೆಯ ಸಭೆಯನ್ನು ನಡೆಸಿತು.

ಅದನ್ನು ಕಟ್ಟಿದ ಫ್ರೆಡ್ ಮೂರನು ಅಷ್ಟು ದಿನ ಅಲ್ಲಿರಲಿಲ್ಲ. ಯಂತ್ರದಿಂದ ಜನರು ಜನರನ್ನು ಸೇರಬೇಕೆಂದು ಆತನ ಆಸೆ. ಸೇರಿದವರ ಮಾತೋ ದಿನದಿನಕ್ಕೆ ಬಿಲ್ಲೆ, ಫಲಕ, ಬೆಲೆಗಳ ಕಡೆಗೆ ತಿರುಗಿತು. 1975 ಮುಗಿಯುವುದರೊಳಗಾಗಿ, ಗೇಟ್ಸನ ಕಾಗದ ಬರುವುದಕ್ಕೆ ಮೊದಲೇ, ಆತನು ಕೂಟವನ್ನು ಬಿಟ್ಟನು. 1980ರಲ್ಲಿ ಅಮೇರಿಕಾ ಸರ್ಕಾರವು ತರುಣರನ್ನು ಸೈನ್ಯಕ್ಕಾಗಿ ಪಟ್ಟಿಮಾಡುವ ಪದ್ಧತಿಯನ್ನು ಮತ್ತೆ ತಂದಾಗ ಅದರ ವಿರೋಧಿಗಳ ಸಾಲಿನಲ್ಲಿ ಆತನು ಕಾಣಿಸಿಕೊಂಡನು. 1997ರಲ್ಲಿ ರಸ್ತೆಯ ಅಪಘಾತವೊಂದರಲ್ಲಿ ತೀರಿಕೊಂಡಾಗ ಆತನಿಗೆ ಅರುವತ್ತು ತುಂಬಿರಲಿಲ್ಲ. ಆತನು ಒಬ್ಬನೇ ಉಪವಾಸ ಕುಳಿತ ಬರ್ಕ್ಲಿಯಲ್ಲಿ ಸೈನಿಕ ಶಿಕ್ಷಣದ ಕಡ್ಡಾಯವು 1962ರಲ್ಲಿಯೇ ರದ್ದಾಗಿತ್ತು.