ಸೀರೆ ಗಾರ್ಡ್ ಇದೆ, ಇನ್ಶೂರೆನ್ಸ್ ಇಲ್ಲ

ಹೊಸ ಬೈಕ್ ಮನೆಗೆ ಬಂದ ವಾರದೊಳಗೆ ನಮ್ಮ ಹುಡುಗರು ಬಿಚ್ಚಿ ಎಸೆಯೋ ಮೊದಲ ಸಾಮಾನು ಸೀರೆ ಗಾರ್ಡ್. ಹಿಂದಿನ ಚಕ್ರದ ಪಕ್ಕ ಇರೋ ಆ ಜಾಲರಿ ಗಾಡಿಯ ಲುಕ್ ಕೆಡಿಸುತ್ತೆ ಅನ್ನೋದು ದೂರು. ಆದರೆ ಅದನ್ನ ಕಂಪನಿಯವರು ಚಂದಕ್ಕೆ ಹಾಕಿರಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಅಂತ ಒಂದಿದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳೋಕೆ ಹಿಡಿ ಬೇಕು, ಕಾಲಿಡೋಕೆ ಫುಟ್‌ರೆಸ್ಟ್ ಬೇಕು, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಭಾಗವಾದರೂ ಮುಚ್ಚಿರಬೇಕು ಅನ್ನುತ್ತೆ ಅದು. ದೆಹಲಿಯಲ್ಲಿ ಕೂತು ಇದನ್ನ ಬರೆದವರು ಯಾರೋ ಏನೋ, ಹಿಂದಿನ ಸೀಟಿನ ಸೆರಗಿನ ತನಕ ಯೋಚನೆ ಮಾಡಿದ್ದಾರೆ.

ಅದೇ ಕಾನೂನಿನ ವಿಮೆಯ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಹಿಂದಿನ ಸೀಟು ಖಾಲಿ.

ಇದರ ಬೇರು ಇರೋದು ಇಂಗ್ಲೆಂಡಿನಲ್ಲಿ. 1930ರ ರೋಡ್ ಟ್ರಾಫಿಕ್ ಆಕ್ಟ್ ಅಲ್ಲಿ ಮೋಟಾರು ಓಡಿಸುವವರಿಗೆ ವಿಮೆ ಕಡ್ಡಾಯ ಮಾಡಿತು. ಓಡಿಸುವವನ ಮೇಲಿನ ಪ್ರೀತಿಯಿಂದಲ್ಲ, ರಸ್ತೆಯಲ್ಲಿ ನಡೆದು ಹೋಗುವವನಿಗೋಸ್ಕರ. ಗುದ್ದಿದವನ ಜೇಬು ಖಾಲಿ ಇದ್ದರೂ ಗುದ್ದಿಸಿಕೊಂಡವನಿಗೆ ಪರಿಹಾರ ಸಿಗಬೇಕು, ಅಷ್ಟೇ ಲೆಕ್ಕ. ಪಾಲಿಸಿ ಕೊಂಡವನು ಒಂದು ಪಾರ್ಟಿ, ವಿಮಾ ಕಂಪನಿ ಇನ್ನೊಂದು, ಈ ದಾರಿಹೋಕ ‘ಥರ್ಡ್ ಪಾರ್ಟಿ’. ಹಾಗಾದರೆ ಕಾಸು ಕೊಡದೆ ಗಾಡಿ ಹತ್ತಿ ಕೂತವರು? ಅವರು ತಾವಾಗೇ ಹತ್ತಿದವರಲ್ವಾ ಅಂತಲೋ ಏನೋ, ಹೊರಗಿಟ್ಟರು.

ನಮ್ಮ 1939ರ ಮೋಟಾರು ವಾಹನ ಕಾಯ್ದೆ ಇದನ್ನ ಹೆಚ್ಚುಕಡಿಮೆ ಹಾಗೇ ಇಳಿಸಿಕೊಂಡಿತು. ವಿಮೆಯ ಅಧ್ಯಾಯ ಮಾತ್ರ ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. ಬಾಡಿಗೆ ಕೊಟ್ಟು ಕೂತವರಿಗೆ ರಕ್ಷಣೆ ಉಂಟು, ಕೆಲಸದ ಕರಾರಿನ ಮೇಲೆ ಹೋಗುವವರಿಗೂ ಉಂಟು, ಸುಮ್ಮನೆ ಹತ್ತಿದವರಿಗೆ ಇಲ್ಲ. ವಕೀಲರ ಬಾಯಲ್ಲಿ ಇವರ ಹೆಸರು ‘ಗ್ರಾಚುಯಿಟಸ್ ಪ್ಯಾಸೆಂಜರ್’. ಕನ್ನಡದಲ್ಲಿ ಹೇಳೋದಾದರೆ ಬಿಟ್ಟಿ ಪ್ರಯಾಣಿಕರು. ಗಂಡನ ಸ್ಕೂಟರ್ ಹಿಂದೆ ಕೂತು ಮಾರ್ಕೆಟ್ಟಿಗೆ ಹೊರಟ ಹೆಂಡತಿ, ಮಗನ ಬೈಕಲ್ಲಿ ಆಸ್ಪತ್ರೆಗೆ ಹೊರಟ ಅಮ್ಮ, ಎಲ್ಲರೂ ಬಿಟ್ಟಿ! ಇಂಗ್ಲೆಂಡಿನವರು 1971ರಲ್ಲಿ ಬೇರೆ ಕಾಯ್ದೆ ತಂದು ಪ್ರಯಾಣಿಕರನ್ನೂ ಕಡ್ಡಾಯ ವಿಮೆಗೆ ಸೇರಿಸಿದರು. ನಾವು ಅವರು ಬಿಟ್ಟ ಹಳೇ ಪಾಠವನ್ನೇ ಓದ್ತಾ ಕೂತ್ವಿ.

1988ರ ಹೊಸ ಕಾಯ್ದೆಯಲ್ಲಿ ಹಳೇ ಷರತ್ತಿನ ಮಾತುಗಳು ಬಿದ್ದುಹೋಗಿ, 147ನೇ ಸೆಕ್ಷನ್ನಿನಲ್ಲಿ ‘ಯಾವುದೇ ವ್ಯಕ್ತಿ’ ಅಂತ ಉಳಿಯಿತು. ಯಾವುದೇ ವ್ಯಕ್ತಿ ಅಂದರೆ ಹಿಂದೆ ಕೂತವರೂ ಸೇರಿದ ಹಾಗೇ ತಾನೆ? 1999ರಲ್ಲಿ ಸತ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೌದು ಅಂದಿತು. ಮೂರೇ ವರ್ಷ. 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ, ಸರಕು ಗಾಡಿಯಲ್ಲಿ ಕೂತು ಹೋಗುವವರ ವಿಷಯದಲ್ಲಿ, ಆ ತೀರ್ಪು ಸರಿಯಲ್ಲ ಅಂದಿತು ಅದೇ ಕೋರ್ಟು. 2006ರಲ್ಲಿ ತಿಲಕ್ ಸಿಂಗ್ ಪ್ರಕರಣ ಬಂತು. ಈ ಸಲ ಸ್ಕೂಟರ್ ಹಿಂದೆ ಕೂತವರದ್ದೇ ಪ್ರಶ್ನೆ. ಕಾನೂನು ಕಡ್ಡಾಯ ಮಾಡಿರೋ ಕನಿಷ್ಠ ಪಾಲಿಸಿ ಅವರಿಗೆ ಅನ್ವಯಿಸಲ್ಲ ಅಂತ ತೀರ್ಮಾನವಾಯ್ತು. ಅಕ್ಷರ ಹಿಡಿದು ಓದಿದರೆ ನ್ಯಾಯಮೂರ್ತಿಗಳನ್ನ ದೂರೋದು ಕಷ್ಟ. ಪಾರ್ಲಿಮೆಂಟು ಒಂದು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಇಷ್ಟು ಅಲೆದಾಟವೇ ಬೇಕಿರಲಿಲ್ಲ.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳಬೇಕು. ಲಾರಿ ಬಂದು ನಿಮ್ಮ ಬೈಕಿಗೆ ಗುದ್ದಿದರೆ, ತಪ್ಪು ಲಾರಿಯದ್ದಾದರೆ, ಹಿಂದೆ ಕೂತವರು ಆ ಲಾರಿಯ ಮಟ್ಟಿಗೆ ಥರ್ಡ್ ಪಾರ್ಟಿನೇ. ಅದರ ವಿಮೆಯಿಂದ ಪರಿಹಾರ ಕೇಳಬಹುದು. ಸಮಸ್ಯೆ ಬರೋದು ಬೇರೆ ಗಾಡಿಯೇ ಇಲ್ಲದಿರುವಾಗ: ಮಳೆಯಲ್ಲಿ ಸ್ಕಿಡ್ ಆಯ್ತು, ಹಂಪ್ ಕಾಣಲಿಲ್ಲ, ನಾಯಿ ಅಡ್ಡ ಬಂತು ಅಂತ ಜೋರಾಗಿ ಬ್ರೇಕ್ ಹಾಕಿದ್ರಿ. ಆಗ ಹಿಂದೆ ಕೂತು ಬಿದ್ದವರು ಪರಿಹಾರ ಕೇಳಬೇಕಾದ್ದು ಓಡಿಸುತ್ತಿದ್ದ ನಿಮ್ಮನ್ನೇ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಕಂಪನಿ ಕೈ ತೊಳೆದುಕೊಳ್ಳುತ್ತೆ. ಕೊಡಬೇಕಾದ್ದು ನಿಮ್ಮ ಜೇಬಿಂದ.

ಪರಿಹಾರ ಬಂತು, ಆದರೆ ಹಿತ್ತಲ ಬಾಗಿಲಿಂದ. 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿ, ‘ಪ್ಯಾಕೇಜ್’ ಅಥವಾ ‘ಕಾಂಪ್ರಹೆನ್ಸಿವ್’ ಪಾಲಿಸಿಯಲ್ಲಿ ಬೈಕಿನ ಹಿಂದೆ ಕೂತವರೂ ಸೇರಿದ್ದಾರೆ ಅಂತ ಖಚಿತ ಮಾಡಿತು. 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಿಕೊಂಡಿತು. ಕಡ್ಡಾಯದ ಪಾಲಿಸಿಗೂ ಪ್ಯಾಕೇಜಿಗೂ ಇರೋ ಗೆರೆ ಆವತ್ತು ಗಟ್ಟಿಯಾಯ್ತು. ಅಂದರೆ ಅಪರಿಚಿತರ ರಕ್ಷಣೆ ಕಡ್ಡಾಯ, ಅಮ್ಮನ ರಕ್ಷಣೆ ನಿಮ್ಮ ಇಷ್ಟ.

ಆಮೇಲೆ 2018. ದೇಶದಲ್ಲಿ ವಿಮೆ ಇಲ್ಲದ ಗಾಡಿಗಳೇ ಜಾಸ್ತಿ ಓಡಾಡ್ತಿವೆ ಅಂತ ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ತಗೋಬೇಕು ಅಂತ ಮಾಡಿತು. ಉದ್ದೇಶ ಒಳ್ಳೇದೇ. ಆದರೆ ಶೋರೂಮಿನಲ್ಲಿ ಸಾಮಾನ್ಯವಾಗಿ ಕೊಡೋದು ಐದು ವರ್ಷದ ಥರ್ಡ್ ಪಾರ್ಟಿ ಜೊತೆಗೆ ಒಂದೇ ವರ್ಷದ ‘ಓನ್ ಡ್ಯಾಮೇಜ್’. ಎರಡನೇ ವರ್ಷ ರಿನ್ಯೂವಲ್ ಮೆಸೇಜ್ ಬರುತ್ತೆ. ಐದು ವರ್ಷಕ್ಕೆ ಕಟ್ಟಾಗಿದೆಯಲ್ಲ, ಪೊಲೀಸರು ಕೇಳಿದರೆ ತೋರಿಸೋಕೆ ಪೇಪರ್ ಇದೆಯಲ್ಲ ಅಂತ ನಾವು ಸ್ವೈಪ್ ಮಾಡಿ ಬಿಡ್ತೀವಿ. ಪೇಪರ್ ಇರುತ್ತೆ, ನಿಜ. ಆದರೆ ಉಳಿದಿರೋದು ಬರೀ ಥರ್ಡ್ ಪಾರ್ಟಿ. ಹಿಂದಿನ ಸೀಟು 2006ಕ್ಕೆ ವಾಪಸ್ ಹೋಗೋಕೆ ಅಷ್ಟು ಸಾಕು.

ಅದೇ 2018ರಲ್ಲಿ ಓಡಿಸುವ ಮಾಲೀಕರ ಕಡ್ಡಾಯ ಅಪಘಾತ ವಿಮೆಯ ಮೊತ್ತ 15 ಲಕ್ಷಕ್ಕೆ ಏರಿತು; ದ್ವಿಚಕ್ರದವರಿಗೆ ಅದಕ್ಕೆ ಮುಂಚೆ ಇದ್ದದ್ದು 1 ಲಕ್ಷ. ಹಿಂದೆ ಕೂತವರಿಗೆ ಅಂಥ ಕಡ್ಡಾಯ ಯಾವುದೂ ಬರಲಿಲ್ಲ. ಬೇಕಿದ್ದರೆ ಪ್ರತ್ಯೇಕ ದುಡ್ಡು ಕೊಟ್ಟು ಸೇರಿಸಿಕೊಳ್ಳಬಹುದು. ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ಪಟ್ಟಿ ಇರುತ್ತೆ, ಅದರಲ್ಲಿ ‘ಅನ್‌ನೇಮ್ಡ್ ಪ್ಯಾಸೆಂಜರ್’ ಅನ್ನೋ ಸಾಲು ಹುಡುಕಿ. ಬಹಳಷ್ಟು ಪಾಲಿಸಿಗಳಲ್ಲಿ ಅದರ ಮುಂದೆ ಸೊನ್ನೆ ಇರುತ್ತೆ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಈ ಮರೆವು ಇಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಸಿಗ್ನಲ್‌ನಲ್ಲಿರೋ ಕ್ಯಾಮೆರಾ ಹಿಂದಿನ ಸೀಟಿನ ತಲೆಯನ್ನೂ ಎಣಿಸುತ್ತೆ.