ಸಹಸ್ರಮಾನದ ಗಣಕದೋಷವೂ ಕರ್ನಾಟಕದ ವಿದ್ಯುಜ್ಜಾಲವೂ

ಕ್ರಿ.ಶ. 1999ರ ಡಿಸೆಂಬರ್ 31ರ ಮಧ್ಯರಾತ್ರಿ ಲೋಕದ ಗಣಕಯಂತ್ರಗಳೆಲ್ಲ ದಾರಿ ತಪ್ಪುವುವೆಂಬ ಭೀತಿ ಹಬ್ಬಿದ್ದಿತು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಡುವ ಹಳೆಯ ರೂಢಿಯಿಂದ, 00 ಎಂಬುದನ್ನು ಯಂತ್ರವು 1900 ಎಂದು ಓದುವ ಸಂಭವವಿದ್ದಿತು. ವಿದ್ಯುತ್ತು ನಿಂತರೆ ಉಳಿದ ಸಿದ್ಧತೆಗಳೆಲ್ಲ ವ್ಯರ್ಥ. ಆದಕಾರಣ ವಿದ್ಯುತ್ ಸಂಸ್ಥೆಗಳು ಸಿದ್ಧವಾಗಬಲ್ಲವೇ ಎಂಬ ಪ್ರಶ್ನೆಯೇ ಪ್ರಧಾನವಾಯಿತು.

ಈ ಪ್ರಶ್ನೆ ಬೆಂಗಳೂರಿನ ಹೊರವಲಯಕ್ಕೆ ಎರಡು ಬಗೆಯಲ್ಲಿ ಸಂಬಂಧಿಸಿದುದು. ಹೊರದೇಶಗಳ ಹಳೆಯ ಕ್ರಮವಿಧಿಗಳನ್ನು ತಿದ್ದುವ ಕೆಲಸವು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮೊದಲಾದೆಡೆಯ ತಂತ್ರಾಂಶ ಸಂಸ್ಥೆಗಳಿಗೆ ಹೇರಳವಾಗಿ ಬಂದಿತು. ಪರರ ಮನೆಯ ದೀಪ ಕಾಯುತ್ತಿದ್ದ ಇವೇ ಸಂಸ್ಥೆಗಳು ತಮ್ಮ ದೀಪಕ್ಕೆ ರಾಜ್ಯದ ಜಾಲವನ್ನು ಪೂರ್ಣವಾಗಿ ನಂಬಿರಲಿಲ್ಲ. ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ತನ್ನದೇ ವಿದ್ಯುದಾಗಾರವನ್ನು ಇರಿಸಿಕೊಂಡಿತು. ಪೀಣ್ಯದ ಸಣ್ಣ ಕಾರ್ಖಾನೆಗಳಿಗಾದರೋ ಲೇತು ನಡುವೆಯೇ ನಿಲ್ಲುವುದು ಸಹಸ್ರಮಾನಕ್ಕಾಗಿ ಕಾಯಬೇಕಾದ ಸಂಗತಿಯಾಗಿರಲಿಲ್ಲ.

ಕೇಂದ್ರ ಸರ್ಕಾರವು 1998ರಲ್ಲಿ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಅವರ ನೇತೃತ್ವದಲ್ಲಿ ಕಾರ್ಯಪಡೆಯೊಂದನ್ನು ನೇಮಿಸಿತು. ಕರ್ನಾಟಕದಲ್ಲಿ ಅದೇ ಕಾಲಕ್ಕೆ ಬೇರೊಂದು ಪಲ್ಲಟವೂ ನಡೆದಿದ್ದಿತು. 1999ರ ಆಗಸ್ಟಿನಲ್ಲಿ ವಿದ್ಯುಚ್ಛಕ್ತಿ ಮಂಡಳಿಯು ಹೋಗಿ, ಪ್ರಸರಣ ನಿಗಮವು ಅದರ ಸ್ಥಾನಕ್ಕೆ ಬಂದಿತು. ಕೈಗಾದ ಪರಮಾಣು ಸ್ಥಾವರದ ಮೊದಲು ಸಿದ್ಧವಾದ ಘಟಕವು ಜಾಲಕ್ಕೆ ಸೇರಿದುದು ಅದೇ ವರ್ಷದ ಡಿಸೆಂಬರಿನಲ್ಲಿ. ಗಂಡಾಂತರದ ರಾತ್ರಿಗೆ ಆಗ ಉಳಿದಿದ್ದುದು ಒಂದು ತಿಂಗಳು ಮಾತ್ರ.

ಆ ರಾತ್ರಿ ದೊಡ್ಡ ಅನಾಹುತವೇನೂ ಆಗಲಿಲ್ಲ. ಸಂಭವಿಸದ ಘಟನೆಗೆ ಕಾರಣ ಹುಡುಕುವುದು ಇತಿಹಾಸಕಾರನಿಗೆ ಕ್ಲೇಶದ ಕೆಲಸ. ಭಯವೇ ಸುಳ್ಳೆಂದು ಕೆಲವರೂ, ದುಡಿಮೆಯೇ ಕಾಪಾಡಿತೆಂದು ಕೆಲವರೂ ವಾದಿಸುವರು. ಬ್ಯಾಂಕುಗಳ ವಿಷಯದಲ್ಲಿ ಎರಡನೆಯ ವಾದಕ್ಕೇ ಹೆಚ್ಚು ಬಲವುಂಟು. ವಿದ್ಯುತ್ತಿನ ವಿಷಯದಲ್ಲಿ, ನಮ್ಮ ನಾಡಿನ ಮಟ್ಟಿಗೆ, ಮೂರನೆಯ ಕಾರಣವೊಂದಿದೆಯೆಂದು ನಾವು ಭಾವಿಸುತ್ತೇವೆ. ಅದು ಜಾಲದ ವಯಸ್ಸು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತು. (ಗಣಕವು ನಿಜಕ್ಕೂ 1900ಕ್ಕೆ ಮರಳಿದ್ದರೆ ಶಿವನಸಮುದ್ರದಲ್ಲಿ ವಿದ್ಯುತ್ತನ್ನೇ ಕಾಣುತ್ತಿರಲಿಲ್ಲ!) 1948ರ ಜೋಗ, 1960ರ ದಶಕದ ಶರಾವತಿಗಳು ಇದೇ ಪರಂಪರೆಯವು. ನೀರಿನ ಚಕ್ರದ ವೇಗವನ್ನು ಕಾಯುವ ಹಳೆಯ ಸಾಧನವು ತಿಥಿ ವಾರಗಳನ್ನು ಕೇಳುವುದಿಲ್ಲ. ಹಳೆಯ ರಿಲೇ ಪ್ರವಾಹವನ್ನು ಅಳೆಯುವುದು, ಕಾಲವನ್ನಲ್ಲ. ಮನೆಯ ತಿರುಗುಬಿಲ್ಲೆಯ ಮೀಟರಿಗೂ ವರ್ಷದ ಅರಿವಿಲ್ಲ. ದಿನಾಂಕವೆಂಬುದು ಇದ್ದುದು ಬಿಲ್ಲು ಬರೆಯುವ ಗಣಕಗಳಲ್ಲಿ, ದಾಖಲೆ ಇಡುವ ಉಪಕರಣಗಳಲ್ಲಿ, ಹೊಸ ಸ್ಥಾವರಗಳ ನಿಯಂತ್ರಣ ವ್ಯವಸ್ಥೆಗಳಲ್ಲಿ. ಅಲ್ಲಿ ಪರಿಶೀಲನೆ ಅನಿವಾರ್ಯವಾಗಿದ್ದಿತು. ದಕ್ಷಿಣದ ಜಾಲವನ್ನು ಗಣಕದ ಮೂಲಕ ಒಟ್ಟಾಗಿ ನೋಡಿ ನಡೆಸುವ ಏಕೀಕೃತ ವ್ಯವಸ್ಥೆ ಬಂದುದು 2002ರಲ್ಲಿ, ದೋಷದ ದಿನ ಕಳೆದ ಮೇಲೆ.

ಅಭ್ಯಾಸವೂ ಗಣನೀಯ. 1999ರ ಏಪ್ರಿಲಿನಲ್ಲಿ ಉತ್ತರ ಅಮೆರಿಕದ ಸಂಸ್ಥೆಗಳು, ಸಂಪರ್ಕ ಭಾಗಶಃ ಕಡಿದರೆ ಜಾಲವನ್ನು ಹೇಗೆ ನಡೆಸಬೇಕೆಂದು ಅಣಕು ಪ್ರಯೋಗ ಮಾಡಿದವು. ಆವರ್ತನ 50 ಹರ್ಟ್ಸ್‌ಗಿಂತ ಕುಸಿದಾಗ ಸರದಿಯಂತೆ ಪ್ರದೇಶಗಳನ್ನು ಕತ್ತಲಲ್ಲಿಡುವುದು ನಮ್ಮ ಎಂಜಿನಿಯರರಿಗೆ ನಿತ್ಯದ ಪಾಠವಾಗಿದ್ದಿತು. ಇದನ್ನು ಸಿದ್ಧತೆಯೆಂದು ಹೊಗಳುವುದು ಸಲ್ಲದು. ಕೊರತೆಯ ಬಲದಿಂದ ಪಡೆದ ಕೌಶಲವಿದು. ನ್ಯೂಜಿಲೆಂಡ್, ಜಪಾನುಗಳಲ್ಲಿ ಹೊಸವರ್ಷ ನಮಗಿಂತ ಗಂಟೆಗಳ ಮುಂಚೆಯೇ ಹುಟ್ಟಿದುದೂ ಅನುಕೂಲವಾಯಿತು.

ಇನ್ನೊಂದು ರಕ್ಷೆ ದಕ್ಷಿಣದ ಪ್ರತ್ಯೇಕತೆ. 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ, ಒಂದೇ ಆವರ್ತನದಲ್ಲಿ ಅದರೊಡನೆ ಬೆಸೆದುಕೊಂಡಿರದ ದಕ್ಷಿಣದ ಜಾಲವು ಉಳಿಯಿತು. ಆ ರಕ್ಷೆ ಈಗ ಇಲ್ಲ. ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವು ದೇಶದ ಜಾಲಕ್ಕೆ ಸೇರಿದುದು 2013ರ ಡಿಸೆಂಬರ್ 31ರಂದು, ಆ ಭೀತಿಯ ರಾತ್ರಿಗೆ ಸರಿಯಾಗಿ ಹದಿನಾಲ್ಕು ವರ್ಷಗಳ ತರುವಾಯ.